ಕಪ್ಪು ಹಸುವಿಗೆ ಹೇಳಿದ ಕಥೆ

ನಮ್ಮ ಮನೆಯ ಕಪ್ಪು ಹಸು ಕಥೆ ಕೇಳದೆ ಹಾಲು ಕೊಡುವುದಿಲ್ಲ. ಹೀಗೆಂದರೆ ಜನ ನಗುತ್ತಾರೆ, ನಗಲಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಡ್ರ್ಯಾಗನ್ನು, ಮಂತ್ರದ ಕತ್ತಿ, ಹಿಮದ ಕಣಿವೆ ಎಂದು ಮಾತಾಡಬೇಕಾದವಳು ನಾನು, ನಗುವವರಲ್ಲ. ಮದುವೆಯೋ, ನಾಮಕರಣವೋ, ತವರೋ, ಎಲ್ಲಿಗೆ ಹೋದರೂ ಸಂಜೆ ಐದಕ್ಕೆ ನಾನು ಕೊಟ್ಟಿಗೆಯಲ್ಲಿರಬೇಕು. ಎಲೆ ಹಾಕುವ ಹೊತ್ತಿಗೆ ಚಪ್ಪಲಿ ಹುಡುಕುವವಳು ಎಂದು ನಮ್ಮ ನೆಂಟರಲ್ಲಿ ನನಗೆ ಹೆಸರು ಬಿದ್ದಿದೆ. ಈ ಹಗ್ಗವನ್ನು ಬೇರೆ ಯಾರೋ ನನ್ನ ಕೊರಳಿಗೆ ಹಾಕಿದ್ದರೆ ಅವರನ್ನು ಬೈದುಕೊಂಡಾದರೂ ಇರುತ್ತಿದ್ದೆ. ನಾನೇ ಹೊಸೆದುಕೊಂಡೆ, ಅದೂ ನಾನು ಅಷ್ಟು ಪ್ರೀತಿಸಿದ ಪುಸ್ತಕದಿಂದ.

ಅಪ್ಪ ದಾವಣಗೆರೆ ಕಡೆಯವರು. ಫ್ಯಾಕ್ಟರಿ ಕೆಲಸ ಸಿಕ್ಕಿ ಕೆಜಿಎಫ್‌ಗೆ ಬಂದು ಕ್ವಾರ್ಟರ್ಸ್‌ನಲ್ಲಿ ಸಂಸಾರ ಹೂಡಿದರು. ನಾನು ಹುಟ್ಟಿ ಬೆಳೆದದ್ದು ಅಲ್ಲಿಯೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಗೆಳತಿಯರ ಜೊತೆ ತಮಿಳು, ಅಂಗಡಿಯಲ್ಲಿ ಎದುರಿಗಿದ್ದವರ ಬಾಯಲ್ಲಿ ಯಾವುದಿತ್ತೋ ಅದು. ಭಾನುವಾರ ಅಪ್ಪ ನನ್ನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಮಾರ್ಕೆಟ್ಟಿನ ಹಿಂದೆ ಒಂದು ಗುಜರಿ ಅಂಗಡಿಯಿತ್ತು. ನಂದಿದುರ್ಗ ಮೈನ್ಸ್ ಕಡೆ ಬಂಗಲೆ ಖಾಲಿ ಮಾಡಿ ಹೋದವರ ಸಾಮಾನೆಲ್ಲ ಅಲ್ಲಿಗೆ ಬಂದು ಬೀಳುತ್ತಿತ್ತು. ಕಾಲು ಮುರಿದ ಕುರ್ಚಿ, ಪಿಯಾನೋದ ಒಂದು ಹಲಗೆ, ಪಿಂಗಾಣಿ ತಟ್ಟೆ, ಇಂಗ್ಲಿಷ್ ಪುಸ್ತಕ. ಅಪ್ಪ ನಲ್ಲಿಯ ವಾಷರು ಹುಡುಕುತ್ತಿದ್ದಾಗ ನಾನು ಒಂದು ದಪ್ಪ ಪುಸ್ತಕವನ್ನು ಹಿಡಿದುಕೊಂಡು ನಿಂತುಬಿಟ್ಟೆ.

"ತಗೋ ಪಾಪ, ಪಡಂ ಸೂಪರಾಗಿದೆ," ಎಂದು ಅಂಗಡಿಯವನು ರಟ್ಟಿನ ಮೇಲಿನ ಚಿತ್ರ ತೋರಿಸಿದ.

ಸಮುದ್ರದಂಚಿನ ಕರಿ ಬಂಡೆ, ಬಂಡೆಯ ಮೇಲೊಂದು ಗೋಪುರ, ಗೋಪುರದ ಬುಡವನ್ನು ಸುತ್ತಿಕೊಂಡು ಮಲಗಿದ ಡ್ರ್ಯಾಗನ್. ತುತ್ತತುದಿಯಲ್ಲಿ ಉಗುರಿನಷ್ಟು ಕಿಟಕಿ, ಕಿಟಕಿಯಲ್ಲಿ ಒಂದು ಹುಡುಗಿಯ ಮುಖ. ಪುಸ್ತಕದ ಹೆಸರಿದ್ದ ಮೇಲಿನ ಭಾಗ ಹರಿದು ಹೋಗಿತ್ತು, ಮೊದಲ ಒಂದೆರಡು ಹಾಳೆಯೂ ಇರಲಿಲ್ಲ. ನನಗೆ ಆಗ ಇಂಗ್ಲಿಷಿನಲ್ಲಿ ನನ್ನ ಹೆಸರು ಬರೆಯುವುದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. "ಓದೋದು ಆಮೇಲೆ ಆದೀತು, ಈಗ ನೋಡು," ಎಂದು ಅಪ್ಪ ಕೊಡಿಸಿದರು. ನಾನು ನೋಡಿದೆ. ಹೋಮ್‌ವರ್ಕ್ ಬಿಟ್ಟು ನೋಡಿದೆ, ಜ್ವರ ಬಂದಾಗ ದಿಂಬಿನ ಪಕ್ಕ ಇಟ್ಟುಕೊಂಡು ನೋಡಿದೆ. ಆ ಡ್ರ್ಯಾಗನ್ನಿನ ಬೆನ್ನಿನ ಮೇಲೆ ಬೆಳಕು ಎಲ್ಲಿಂದ ಬೀಳುತ್ತದೆ, ಹುರುಪೆಗಳ ಸಂದಿಯಲ್ಲಿ ಯಾವ ಬಣ್ಣ ಇದೆ ಎಂದು ನನಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು.

ಪಿಯುಸಿಗೆ ಬಂದಮೇಲೆ ಡಿಕ್ಷನರಿ ತೆರೆದಿಟ್ಟುಕೊಂಡು ಓದಿದೆ. ಕೊನೆಯ ಪುಟದ ಅಡಿಯಲ್ಲಿದ್ದ ಸಾಲಿನಿಂದ ತಿಳಿಯಿತು, ಅದು ಮೂರು ಸಂಪುಟದ ಕಥೆಯಲ್ಲಿ ಎರಡನೆಯದು. ಮೊದಲ ಪುಟದಲ್ಲಿಯೇ ಯುದ್ಧವೊಂದು ಮುಗಿದಿರುತ್ತದೆ, ಯಾಕೆ ನಡೆಯಿತೆಂದು ಯಾರೂ ಹೇಳುವುದಿಲ್ಲ. ರಾಜಕುಮಾರಿಯೊಬ್ಬಳನ್ನು ಅವಳ ಚಿಕ್ಕಪ್ಪನೇ ಗೋಪುರಕ್ಕೆ ಹಾಕಿ, ಕುರುಡು ಡ್ರ್ಯಾಗನ್ ಒಂದನ್ನು ಕಾವಲಿಗೆ ಬಿಡುತ್ತಾನೆ. ಕೊನೆಯ ಪುಟದಲ್ಲಿಯೂ ಅವಳು ಗೋಪುರದಲ್ಲಿಯೇ ಇದ್ದಾಳೆ. ಆಚೆ ಬಂದಳೋ ಇಲ್ಲವೋ ಮೂರನೆಯ ಸಂಪುಟಕ್ಕೇ ಗೊತ್ತು. ಗುಜರಿ ಅಂಗಡಿಯನ್ನು ನಾನು ತಳದವರೆಗೆ ಜಾಲಾಡಿದೆ, ಸಿಗಲಿಲ್ಲ. ಇಂಟರ್‌ನೆಟ್ ಬಂದಮೇಲೆ ಅದರಲ್ಲಿ ಹುಡುಕಿದೆ. ಹೆಸರು ಗೊತ್ತಿಲ್ಲದ ಪುಸ್ತಕವನ್ನು ಹೇಗೆ ಹುಡುಕುವುದು? ಗೋಪುರ, ರಾಜಕುಮಾರಿ, ಡ್ರ್ಯಾಗನ್ ಎಂದು ಕೇಳಿದರೆ ಅರ್ಧ ಪ್ರಪಂಚವೇ ಎದ್ದು ಬರುತ್ತದೆ. ಹಾಗೆ ಬಂದದ್ದನ್ನೆಲ್ಲ ಓದಿದೆ ಅನ್ನಿ. ಸಾವಿರಾರು ಪುಟದ ಕಥೆಗಳು, ಹಿಂದೆ ಮುಂದೆ ನಕ್ಷೆ ಇರುವಂಥವು. ಆ ಚಟ ಈಗಲೂ ಬಿಟ್ಟಿಲ್ಲ. ಆದರೆ ನನ್ನ ರಾಜಕುಮಾರಿ ಅವುಗಳಲ್ಲಿ ಯಾವುದರಲ್ಲೂ ಇರಲಿಲ್ಲ.

ಇಲ್ಲೊಂದು ಮಾತು. ಕೆಜಿಎಫ್‌ನವಳು ಡ್ರ್ಯಾಗನ್ ಚಿತ್ರ ಬರೆಯುತ್ತಾಳೆ ಎಂದರೆ ಸಾಕು, ಹೊರಗಿನವರು ಮುಖ ಅರಳಿಸಿಕೊಂಡು, "ಅಲ್ಲಿ ನೆಲದಡಿ ಚಿನ್ನ ಇತ್ತಲ್ಲ, ಅದಕ್ಕೇ" ಎನ್ನುತ್ತಾರೆ. ನಾನು ಚಿನ್ನದ ಗಣಿಯನ್ನು ಒಳಗಿಂದ ನೋಡಿಲ್ಲ. ನಾನು ಕಂಡ ಗಣಿ ಎಂದರೆ ಮೈಸೂರು ಮೈನ್ಸ್ ಕಡೆಯಿಂದ ಗಾಳಿಗೆ ಹಾರಿ ಬಂದು ಒಗೆದ ಬಟ್ಟೆಯ ಮೇಲೆ ಕೂರುತ್ತಿದ್ದ ಬೂದು ಮಣ್ಣು. ಅಮ್ಮನಿಗೆ ಅದನ್ನು ಕೊಡವಿ ಕೊಡವಿ ಸಾಕಾಗುತ್ತಿತ್ತು. ನನ್ನ ಡ್ರ್ಯಾಗನ್ ಬಂದದ್ದು ಗಣಿಯಿಂದಲ್ಲ, ಕೊಟ್ಟಿಗೆಯಿಂದ.

ಕೊಟ್ಟಿಗೆ ಸಿಕ್ಕಿದ್ದು ಮದುವೆಯಿಂದ. ಕ್ಯಾಸಂಬಳ್ಳಿಯ ಹತ್ತಿರದ ಹಳ್ಳಿಯ ಮನೆ. ರಾಗಿ, ಟೊಮೆಟೊ, ಎರಡು ಸೀಮೆಹಸು. ನನ್ನ ಗಂಡ ದಿನಾ ಬೈಕಿನಲ್ಲಿ ಬಂಗಾರಪೇಟೆಗೆ ಹೋಗಿ, ರೈಲು ಹಿಡಿದು, ಮಾಲೂರಿನ ಕಾರ್ಖಾನೆಗೆ ಹೋಗಿ ಬರುವವರು. ಮನೆಯಲ್ಲಿ ಇರುವವರು ನಾನು, ಅತ್ತೆ ಇಬ್ಬರೇ. ಅತ್ತೆಯ ತವರು ಗಡಿಯಾಚೆ, ಕುಪ್ಪಂ ಕಡೆ. ಸಣ್ಣ ವಯಸ್ಸಿಗೇ ತೆಲುಗು ಬಿಟ್ಟು ಕನ್ನಡಕ್ಕೆ ಬಂದು ಸೇರಿದವರು. ಮಾತು ಒರಟು, ಕೈ ಅದಕ್ಕಿಂತ ಒರಟು. ವರ್ಷಕ್ಕೊಮ್ಮೆ ಮಾವಿನಕಾಯಿ ಕಾಲದಲ್ಲಿ ತಂಗಿಯ ಮನೆಗೆ ಹೋಗಿ ಒಂದು ವಾರ ಇದ್ದು ಬರುವುದು ಬಿಟ್ಟರೆ ಅವರಿಗೆ ಬೇರೆ ತಿರುಗಾಟವಿಲ್ಲ. ಅದಕ್ಕಾಗಿ ಒಂದು ನೀಲಿ ಬ್ಯಾಗು ಇದೆ. ಯುಗಾದಿ ಕಳೆದ ಮಾರನೆಯ ದಿನವೇ ಅದನ್ನು ಕೊಡವಿ, ಎರಡು ಸೀರೆ ಮಡಿಸಿ ಹಾಕಿ, ಗೋಡೆಯ ಮೊಳೆಗೆ ನೇತುಹಾಕುತ್ತಾರೆ. ಹೋಗುವುದಕ್ಕೆ ಇನ್ನೂ ತಿಂಗಳಿದ್ದರೂ ಸರಿ.

ಕಪ್ಪು ಹಸು ಮೊದಲ ಸಲ ಕರು ಹಾಕಿದಾಗ ಕರು ಬದುಕಲಿಲ್ಲ. ಕರು ಸತ್ತ ಹಸು ಹಾಲು ಇಳಿಸುವುದಿಲ್ಲ. ಕೆಚ್ಚಲು ಕಲ್ಲಿನಂತಾಗಿ ನಿಂತಿತ್ತು. ಅತ್ತೆ ಬೂಸಾ ಇಟ್ಟರು, ಬೆಲ್ಲ ತಿನ್ನಿಸಿದರು, ಕೊರಳಡಿ ಜೋಲುವ ಗಂಗೆದೊಗಲು ನೀವಿದರು, ಕೊನೆಗೆ ಬೈದರು. ಬೈದದ್ದಕ್ಕೆ ಮೊಣಕಾಲಿಗೆ ಒದೆ ಬಿತ್ತು. ಪಕ್ಕದ ಮನೆಯವರು ಸೂಜಿ ಹಾಕಿಸಿ ಅಂದರು. "ಸೂಜಿ ಆಕಿ ಆಲು ಕರ್ಯೋ ಮನೆ ಅಲ್ಲ ಇದು," ಎಂದು ಅತ್ತೆ ಅವರನ್ನು ಅಟ್ಟಿದರು. ಆ ದಿನ ಮಧ್ಯಾಹ್ನ ನಾನು ಕೊಟ್ಟಿಗೆಗೆ ಹೋಗಿ ಅದರ ಪಕ್ಕ ಕೂತೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಆ ಮನೆಯಲ್ಲಿ ನನಗೆ ಮಾತಾಡಲು ಯಾರೂ ಇರಲಿಲ್ಲ. ಪುಸ್ತಕ ತೆರೆದರೆ "ಪರೀಕ್ಷೆ ಐತಾ?" ಎಂದು ಕೇಳುತ್ತಿದ್ದರು. ಹಸುವಿಗೆ ಸಮಾಧಾನ ಹೇಳಲು ನನಗೆ ಬರಲಿಲ್ಲ. ಬಾಯಿಗೆ ಬಂದದ್ದು ಆ ಪುಸ್ತಕ. ಗೋಪುರದಲ್ಲಿ ಒಬ್ಬಳಿದ್ದಾಳೆ, ಕೆಳಗೆ ಕಣ್ಣು ಕಾಣದ ಡ್ರ್ಯಾಗನ್ ಇದೆ, ಅದು ಅವಳ ಹೆಜ್ಜೆ ಸದ್ದನ್ನೇ ಕಾಯುತ್ತಿದೆ ಎಂದು ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ನನ್ನ ಪಾದದ ಮೇಲೆ ಏನೋ ಬೆಚ್ಚಗೆ ತೊಟ್ಟಿಕ್ಕಿತು. ನೋಡಿದರೆ ಹಾಲು.

ಅಂದು ನನಗಾದ ಸಂತೋಷ ಇಷ್ಟಿಷ್ಟಲ್ಲ. ಮನೆಯವರೆಲ್ಲ ನನ್ನನ್ನು ಹೊಗಳಿದರು. ಹೊಗಳಿಕೆಗೆ ಹಿಗ್ಗಿ ಸಂಜೆಯೂ ಹೇಳಿದೆ, ಮಾರನೆಯ ದಿನವೂ ಹೇಳಿದೆ. ವಾರ ಕಳೆದಮೇಲೆ ಒಮ್ಮೆ ಗಂಟಲು ನೋವೆಂದು ಸುಮ್ಮನೆ ಕೂತೆ, ಹಸು ಬಾಲ ಬೀಸಿ ಕಾಲು ಝಾಡಿಸಿತು. ಅಂದೇ ತಿಳಿಯಬೇಕಿತ್ತು. ಆಮೇಲೆ ಅದಕ್ಕೆ ಕರುಗಳು ಹುಟ್ಟಿದವು, ಬದುಕಿದವು, ಬೆಳೆದವು, ಅಭ್ಯಾಸ ಮಾತ್ರ ಹೋಗಲಿಲ್ಲ. ಹಾಲು ಬತ್ತಿಸುವ ಎರಡು ತಿಂಗಳು ನನಗೆ ರಜೆ. ಆ ಎರಡು ತಿಂಗಳಲ್ಲಿ ನನ್ನನ್ನು ಯಾರೂ ಎಲ್ಲಿಗೂ ಕರೆಯುವುದಿಲ್ಲ, ಅದೂ ಒಂದು ಸೋಜಿಗ. ಮಾರಿಬಿಡೋಣ ಎಂದು ನಾನು ಒಮ್ಮೆ ಅಂದದ್ದುಂಟು. "ಕೊಳ್ಳೋನ್ಗೆ ಏನಂತ ಏಳ್ಲಿ, ಜೊತೆಗೆ ಎಂಡ್ತೀನೂ ಕೊಡ್ತೀನಿ ಅನ್ಲಾ?" ಎಂದರು ನನ್ನ ಗಂಡ.

ಎರಡನೆಯ ಸಂಪುಟ ಎಷ್ಟು ಸಲ ಮುಗಿಯುವುದು? ಮುಗಿದಮೇಲೆ ನಾನೇ ಬೆಳೆಸಿದೆ. ರಾಜಕುಮಾರಿ ಸೀರೆ ಹರಿದು ಹಗ್ಗ ಮಾಡಿದಳು, ಸಾಲಲಿಲ್ಲ. ಗಿಡುಗನ ಕಾಲಿಗೆ ಓಲೆ ಕಟ್ಟಿದಳು, ಗಿಡುಗ ದಾರಿ ತಪ್ಪಿತು. ರಾಜಕುಮಾರನೊಬ್ಬ ಬಂದ, ಅವನನ್ನು ಡ್ರ್ಯಾಗನ್ ತಿಂದಿತು. ಅವಳನ್ನು ಆಚೆ ಬಿಟ್ಟರೆ ಕಥೆ ಮುಗಿಯುತ್ತದೆ, ಕಥೆ ಮುಗಿದರೆ ನಾಳೆ ಬೆಳಿಗ್ಗೆ ನಾನು ಏನು ಹೇಳಲಿ? ಹೀಗಾಗಿ ವರ್ಷಗಟ್ಟಲೆ ಅವಳು ಒಳಗೇ ಉಳಿದಳು. ನನ್ನ ಬೆನ್ನ ಹಿಂದೆಯೇ ಅತ್ತೆ ಕೆಂದ ಹಸುವನ್ನು ಕರೆಯುತ್ತಿದ್ದರು. ಅದಕ್ಕೆ ಬೈಗುಳವೇ ಆಗಿಬರುತ್ತಿತ್ತು. ಈ ಕಡೆ ನನ್ನ ಕಥೆ, ಆ ಕಡೆ ಅವರ ಬೈಗುಳ, ನಡುವೆ ಬಕೆಟ್ಟಿಗೆ ಹಾಲು ಬೀಳುವ ಸದ್ದು. ಕಥೆಯ ಬಗ್ಗೆ ಅತ್ತೆ ಒಂದು ದಿನವೂ ಏನೂ ಕೇಳಲಿಲ್ಲ. ಊರಿನವರ ಮುಂದೆ ಮಾತ್ರ "ನಮ್ ಸೊಸೆ ಅಸೀಗ್ ಕತೆ ಏಳ್ತಾಳೆ, ನಮಗ್ ಮಾತೂ ಇಲ್ಲ" ಎಂದು ಅಣಕಿಸುತ್ತಿದ್ದರು.

ಹಾಲು ಡೈರಿಗೆ ಹಾಕಿ ಬಂದಮೇಲಿನ ಹೊತ್ತು ನನ್ನದು. ಮೇವಿನ ಕೋಣೆಯಲ್ಲಿ ಹಲಗೆ ಒರಗಿಸಿಕೊಂಡು ಬಣ್ಣ ಹಚ್ಚುತ್ತಿದ್ದೆ. ನಾನು ಬಿಡದೆ ನೋಡಿದ ದೊಡ್ಡ ಪ್ರಾಣಿ ಎಂದರೆ ಕಪ್ಪು ಹಸುವೊಂದೇ. ಹಾಗಾಗಿ ನನ್ನ ಡ್ರ್ಯಾಗನ್ ಹಸುವಿನಂತೆಯೇ ಮುಂಗಾಲು ಮಡಿಸಿ ಮಲಗುತ್ತದೆ, ಹಸುವಿನಂತೆಯೇ ಏಳುವಾಗ ಹಿಂಗಾಲನ್ನು ಮೊದಲು ಎತ್ತುತ್ತದೆ. ಅದರ ಕೊರಳಲ್ಲಿ ಗಂಗೆದೊಗಲು ಜೋಲುತ್ತದೆ. ಚಿತ್ರಗಳನ್ನು ಫೋನಿನಲ್ಲಿ ತೆಗೆದು ಇಂಟರ್‌ನೆಟ್ಟಿಗೆ ಹಾಕುತ್ತಿದ್ದೆ. ನಾಲ್ಕು ಜನ ಹೆಬ್ಬೆರಳು ಎತ್ತುತ್ತಿದ್ದರು, ಮುಗಿಯಿತು.

ಹೋದ ವರ್ಷ ಬೆಂಗಳೂರಿನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಕನ್ನಡದಲ್ಲಿ ದೊಡ್ಡದೊಂದು ಮಾಯಾಲೋಕದ ಕಾದಂಬರಿ ಬರೆದಿದ್ದಾಳೆ, ಮೂರು ಸಂಪುಟ. ಮೊದಲನೆಯದು ಅಚ್ಚಿಗೆ ಹೋಗುತ್ತಿದೆ. "ಮೇಡಂ, ನಿಮ್ಮ ಗೋಪುರದ ಚಿತ್ರ ನನ್ನ ಮುಖಪುಟಕ್ಕೆ ಬೇಕು. ಡ್ರ್ಯಾಗನ್‌ಗೆ ಗಂಗೆದೊಗಲು ಇರೋದನ್ನ ನಾನು ಎಲ್ಲೂ ನೋಡಿಲ್ಲ," ಎಂದಳು. ಗುಜರಿ ಅಂಗಡಿಯಲ್ಲಿ ರಟ್ಟು ನೋಡಿ ಪುಸ್ತಕ ಹಿಡಿದು ನಿಂತಿದ್ದವಳ ಚಿತ್ರ ಇನ್ನೊಂದು ಪುಸ್ತಕದ ರಟ್ಟಾಗುತ್ತದೆ. ಇದಕ್ಕಿಂತ ಹೆಚ್ಚಿನದು ನನಗೆ ಬೇಕಿರಲಿಲ್ಲ. ಆದರೆ ಅವಳು ಮಾತು ಮುಂದುವರಿಸಿದಳು. ಪುಸ್ತಕ ಬಿಡುಗಡೆ ಯುಗಾದಿ ಕಳೆದಮೇಲಿನ ಭಾನುವಾರ ಸಂಜೆ, ನೀವು ವೇದಿಕೆಯ ಮೇಲೆ ಇರಲೇಬೇಕು. ಬೇಕು ಅನ್ನಿಸಿತು. ಜೀವ ಹೋಗುವಷ್ಟು ಬೇಕು ಅನ್ನಿಸಿತು. ಹೂಂ ಎಂದು ಫೋನಿಟ್ಟಮೇಲೆ ಭಾನುವಾರ ಸಂಜೆ ಎಂದರೇನು ಎಂದು ಹೊಳೆಯಿತು.

ಮೊದಲು ಫೋನಿನಲ್ಲಿ ನನ್ನ ಧ್ವನಿ ರೆಕಾರ್ಡ್ ಮಾಡಿದೆವು. ನಾನು ಮೇವಿನ ಕೋಣೆಯಲ್ಲಿ ಅಡಗಿ ಕೂತೆ, ನನ್ನ ಗಂಡ ಫೋನನ್ನು ಜೇಬಿನಲ್ಲಿಟ್ಟುಕೊಂಡು ಕರೆಯಲು ಕೂತರು. ಹಸು ಕಿವಿ ನಿಮಿರಿಸಿತು. ಹಾಲು ಇಳಿಯಿತು ಕೂಡ. ರಾಜಕುಮಾರಿ ಕಿಟಕಿಗೆ ಬರುವಷ್ಟರಲ್ಲಿ ಯಾರೋ ಸೈಟು ಬೇಕಾ ಎಂದು ಕೇಳಲು ಫೋನ್ ಮಾಡಿದರು. ಜೇಬಿನಿಂದ ಸಿನಿಮಾ ಹಾಡು ಎದ್ದಿತು, ಬಕೆಟ್ಟು ಉರುಳಿತು. ಮಾರನೆಯ ದಿನ ಕರೆ ಬರದಂತೆ ಮಾಡಿದೆವು. ಹಸು ಕತ್ತು ತಿರುಗಿಸಿ ಅವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಹಾಲು ನಿಲ್ಲಿಸಿತು. ಆಮೇಲೆ ನಮ್ಮ ಕಡೆಯ ಹಳೆಯ ಉಪಾಯ ಮಾಡಿದೆವು, ದಿನಾ ಕರೆಯುವವಳ ಸೀರೆ ಉಟ್ಟು ಕೂರುವುದು. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ಮನುಷ್ಯ ನನ್ನ ಸಗಣಿ ವಾಸನೆಯ ಸೀರೆ ಸುತ್ತಿಕೊಂಡು, ತಲೆಗೆ ಸೆರಗು ಹೊದ್ದು, ಜೇಬಿಲ್ಲದ್ದರಿಂದ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರು. ಈ ಸಲ ಒದೆ ಬಕೆಟ್ಟಿಗೆ ಬೀಳಲಿಲ್ಲ. ಅವರು ಸೀರೆ ಎಡವಿಕೊಂಡು ಆಚೆ ಬಂದಾಗ ಡೈರಿಗೆ ಹೊರಟಿದ್ದ ಇಬ್ಬರು ಬಾಗಿಲಲ್ಲಿ ನಿಂತಿದ್ದರು. ನಾನು ನಕ್ಕೆ. ನಕ್ಕು ಮುಗಿಯುವಷ್ಟರಲ್ಲಿ ಅಳು ಬಂತು.

ಎರಡು ದಿನ ನಾನು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಹಸುವಿಗೆ ಮಾತ್ರ ಆಡಲೇಬೇಕಿತ್ತಲ್ಲ, ಆಡಿದೆ, ಸಿಟ್ಟಿನಲ್ಲಿ. ರಾಜಕುಮಾರಿಯ ಕಿಟಕಿಗೂ ಇಟ್ಟಿಗೆ ಇಡಿಸಿದೆ. ಇನ್ನು ಬೆಂಗಳೂರಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದು ಹೇಳಿಬಿಡೋಣ ಎಂದುಕೊಂಡು ಬಕೆಟ್ಟು ಎತ್ತಿಕೊಂಡು ಏಳುವಾಗ ಅತ್ತೆ ಹಿಂದಿನಿಂದ ಮಾತಾಡಿದರು.

"ಓಗು."

"ಎಲ್ಲಿಗೆ ಅತ್ತೆ?"

"ಎಲ್ಲಿಗ್ ಓಗ್ಬೇಕೋ ಅಲ್ಲಿಗೆ. ಅಸಾ ನಾ ನೋಡ್ಕೋತೀನಿ."

"ನಿಮಗೆ ಒದೀತದೆ."

"ಒದ್ರೆ ಒದೀಲಿ. ನೀ ಓಗಮ್ಮ," ಎಂದು ಕೆಂದ ಹಸುವಿಗೆ ಇನ್ನೊಂದು ಬೈಗುಳ ಬೈದರು.

ಭಾನುವಾರ ಬೆಳಿಗ್ಗೆ ಹಾಲು ಕರೆದು, ಒಳ್ಳೆಯ ಸೀರೆ ಉಟ್ಟು ಹೊರಟೆ. ಬಂಗಾರಪೇಟೆ ಪ್ಲಾಟ್‌ಫಾರಂನಲ್ಲಿ ನಿಂತಾಗ ಯಾರೋ ಹಿಂದಿನಿಂದ ಕರೆಯುತ್ತಾರೆ ಅನ್ನಿಸುತ್ತಲೇ ಇತ್ತು. ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಚೀಲದಲ್ಲಿ ಪುಸ್ತಕವೂ ಇತ್ತು, ಒಂದು ಸಾಲೂ ತಲೆಗೆ ಹೋಗಲಿಲ್ಲ. ಸಭೆಯಲ್ಲಿ ನನ್ನ ಚಿತ್ರವನ್ನು ಗೋಡೆಯಷ್ಟು ದೊಡ್ಡದು ಮಾಡಿ ಹಿಂದೆ ಕಟ್ಟಿದ್ದರು. ಜನ ಕೈತಟ್ಟಿದರು. ನನ್ನ ಕಣ್ಣು ಮಾತ್ರ ಎದುರಿನ ಗೋಡೆಯ ಗಡಿಯಾರದ ಮೇಲಿತ್ತು. ಐದು ಗಂಟೆ. ಈಗ ಬಕೆಟ್ಟು ತೊಳೆಯುತ್ತಿರುತ್ತಾರೆ. ಈಗ ಕೆಚ್ಚಲಿಗೆ ನೀರು ಹಾಕುತ್ತಿರುತ್ತಾರೆ. ಪ್ರಶ್ನೆ ಕೇಳುವ ಹೊತ್ತಿನಲ್ಲಿ ಒಬ್ಬ ಹುಡುಗಿ ಎದ್ದು, "ಮೇಡಂ, ಈ ಗೋಪುರಕ್ಕೆ ಬಾಗಿಲು ಎಲ್ಲಿದೆ?" ಎಂದು ಕೇಳಿದಳು. ನಾನು ತಿರುಗಿ ನೋಡಿದೆ. ಇರಲಿಲ್ಲ. ಇಷ್ಟು ವರ್ಷ ಇಷ್ಟು ಗೋಪುರ ಬರೆದಿದ್ದೇನೆ, ಒಂದಕ್ಕೂ ಬಾಗಿಲು ಬರೆದಿರಲಿಲ್ಲ. "ಆ ಕಡೆ ಇದೆ," ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಸಭೆ ಮುಗಿಯುವುದು ತಡವಾಗಿ, ಕಾದಂಬರಿ ಬರೆದವಳ ಮನೆಯಲ್ಲಿಯೇ ಉಳಿದೆ.

ಬೆಳಗಿನ ರೈಲಿಗೆ ಬಂದು ಊರು ಸೇರುವ ಹೊತ್ತಿಗೆ ಬಿಸಿಲೇರಿತ್ತು. ಕೊಟ್ಟಿಗೆಯಲ್ಲಿ ಕಪ್ಪು ಹಸು ಆರಾಮವಾಗಿ ಮೆಲುಕು ಹಾಕುತ್ತಿತ್ತು, ಕೆಚ್ಚಲು ಖಾಲಿ. ಅತ್ತೆ ತೊಳೆದ ಬಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಆಚೆ ಬಂದರು. ಕುಂಟುತ್ತಿರಲಿಲ್ಲ.

"ಹಾಲು ಕೊಟ್ಟಿತಾ ಅತ್ತೆ?"

"ಕೊಡ್ದೆ ಏನು. ಎರಡ್ ಒತ್ತೂ ಕೊಡ್ತು."

"ಏನು ಮಾಡಿದ್ರಿ?"

"ಕತೆ ಏಳ್ದೆ. ತೆಲುಗಲ್ಲಿ ಏಳ್ದೆ, ನಂಗೆ ಅದ್ರಲ್ಲಿ ಸಲೀಸು. ಅಸೀಗೆ ಯಾವ ಬಾಸೆ ಆದ್ರೇನು." ಬಕೆಟ್ಟನ್ನು ಮಗ್ಗುಲು ಬದಲಿಸಿ ಹಿಡಿದುಕೊಂಡು, "ಆ ಉಡುಗೀನ ಈಚೆ ಬಿಟ್ಬಿಟ್ಟೆ ಕಣಮ್ಮ," ಎಂದರು. "ಎಷ್ಟ್ ವರ್ಸ ಅಂತ ಒಳಗಿಕ್ಕಿದೀಯ ಅವಳ್ನ. ಕೇಳೀ ಕೇಳೀ ನಂಗೇ ಉಸ್ರು ಕಟ್ತಾ ಇತ್ತು."

ಇಷ್ಟು ವರ್ಷ ಬೆನ್ನು ಹಾಕಿ ಕೂತು ಅಷ್ಟನ್ನೂ ಕೇಳಿದ್ದರು. "ಹೇಗೆ ಬಿಟ್ರಿ? ಆ ಗೋಪುರಕ್ಕೆ ಬಾಗಿಲೇ ಇಲ್ಲ," ಎಂದೆ.

"ಬಾಗ್ಲಿಲ್ದೆ ಒಳಕ್ಕೆ ಎಂಗ್ ಓಗಿದ್ಲು ಮತ್ತೆ?"

ಒಳಗೆ ಹೋಗಿ ಚೀಲ ಇಡೋಣವೆಂದರೆ ಎದುರಿನ ಗೋಡೆ ಕಣ್ಣಿಗೆ ಬಿತ್ತು. ಯುಗಾದಿ ಕಳೆದು ಆಗಲೇ ವಾರವಾಗಿತ್ತು. ಅತ್ತೆ ತಂಗಿಯ ಮನೆಗೆ ಒಯ್ಯುವ ನೀಲಿ ಬ್ಯಾಗು ಮೊಳೆಯಲ್ಲಿ ಇರಲಿಲ್ಲ. ಅದರೊಳಗಿನ ಎರಡು ಸೀರೆ ಹಿತ್ತಲಿನ ತಂತಿಯ ಮೇಲೆ ಒಣಗುತ್ತಿದ್ದವು, ದಿನದ ಸೀರೆಗಳ ಜೊತೆ. ನಾನು ಮತ್ತೆ ಆಚೆ ಬಂದೆ.

"ಹುಡುಗಿ ಆಚೆ ಬಂದಮೇಲೆ ಕಥೆ ಮುಗೀತಲ್ಲ ಅತ್ತೆ. ಇವತ್ತು ಬೆಳಿಗ್ಗೆ ಏನು ಹೇಳಿದ್ರಿ?"

"ಎಲ್ಲಿ ಮುಗೀತದೆ. ಗೋಪ್ರ ಕಾಲಿ ಬಿಟ್ರೆ ಅಸಾ ಕೇಳ್ತದಾ? ಒಳ್ಗಡೆ ಯಾರಾದ್ರೂ ಇರ್ಬೇಕಲ್ಲ." ಅತ್ತೆ ಹಸುವಿನ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. "ಒಬ್ಳು ಮುದ್ಕೀನ ಕೂಡ್ಸಿದೀನಿ. ಅವ್ಳಿಗೆ ಅಭ್ಯಾಸ ಐತೆ."

ಅವರ ಕೈಯಲ್ಲಿದ್ದ ಬಕೆಟ್ಟಿನ ಹಿಡಿಯನ್ನು ಹಿಡಿದು ಎಳೆದುಕೊಂಡೆ. ಅತ್ತೆ ಬಿಡಲಿಲ್ಲ.